ಉಕ್ಕು: ಕುಲುಮೆಯ ಅರಿವು ಮತ್ತು ನ್ಯಾನೊವಿಜ್ಞಾನದ ಅಂತಾರಾಷ್ಟ್ರೀಯ ಸಹಯೋಗ

ಲೋಹವಿಜ್ಞಾನದ ಗ್ರಂಥಗಳಲ್ಲಿ ‘ವೂಟ್ಜ್’ ಎಂದು ದಾಖಲಾಗಿರುವ ಶಬ್ದವು ‘ಉಕ್ಕು’ ಎಂಬ ಕನ್ನಡ ಪದದ ಅಪಭ್ರಂಶವಿರಬೇಕೆಂದು 1886ರ ‘ಹಾಬ್ಸನ್–ಜಾಬ್ಸನ್’ ನಿಘಂಟು ಊಹಿಸಿದೆ. ತೆಲುಗಿನಲ್ಲಿಯೂ ಇದೇ ಪದವಿರುವುದರಿಂದ ಅದನ್ನು ಕನ್ನಡದ ಸ್ವತ್ತೆಂದು ಸಾಧಿಸುವುದು ಅನಗತ್ಯ. ಗಮನಿಸಬೇಕಾದುದು ಬೇರೆ. ಈ ನಾಡಿನ ಒಂದು ಕಸುಬಿನ ಮಾತು ಎರಡು ಶತಮಾನಗಳಿಂದ ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಓಡಾಡುತ್ತಿದೆ. ಆ ಮಾತನ್ನಾಡಿದ ಕಮ್ಮಾರನ ಹೆಸರು ಮಾತ್ರ ಅಲ್ಲಿ ಕಾಣಸಿಗುವುದಿಲ್ಲ.

1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್, 1819ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷಿಸಿ ಪ್ರಬಂಧಗಳನ್ನು ಪ್ರಕಟಿಸಿದರು. ತಯಾರಿಕೆಯ ಕ್ರಮ ತಿಳಿಯುವುದು ಪ್ರಯೋಗಾಲಯದ ಬರಹಗಳಿಂದಲ್ಲ, 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನಂಥವರ ವಿವರಣೆಗಳಿಂದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿರೆಲೆಗಳನ್ನಿಟ್ಟು, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ–ಎಲೆಗಳ ಇಂಗಾಲವು ಕಬ್ಬಿಣವನ್ನು ಸೇರಿ, ಶೇಕಡಾ ಒಂದರಿಂದ ಎರಡರಷ್ಟು ಇಂಗಾಲವುಳ್ಳ ಉಕ್ಕಿನ ಗಟ್ಟಿ ದೊರೆಯುತ್ತಿತ್ತು. ಇಂಥ ಗಟ್ಟಿಗಳು ಭಾರತದಿಂದ ಪರ್ಷಿಯಾಕ್ಕೆ ಹೋಗಿ ‘ಡಮಾಸ್ಕಸ್’ ಎಂಬ ಹೆಸರಿನ ಕತ್ತಿಗಳಾಗುತ್ತಿದ್ದವು.

ನ್ಯಾನೊವಿಜ್ಞಾನವು ಈ ಕಥೆಯನ್ನು ಪ್ರವೇಶಿಸಿದ್ದು 2006ರಲ್ಲಿ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು, ಸ್ವಿಟ್ಜರ್ಲೆಂಡಿನ ಬೆರ್ನ್ ಐತಿಹಾಸಿಕ ಸಂಗ್ರಹಾಲಯಕ್ಕೆ ಸೇರಿದ 17ನೆಯ ಶತಮಾನದ ಕತ್ತಿಯೊಂದರ ಚೂರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರಿಶೀಲಿಸಿದರು. ಅದರಲ್ಲಿ ಇಂಗಾಲದ ನ್ಯಾನೊನಳಿಕೆಗಳು ಕಂಡವೆಂದು ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಆ ಕತ್ತಿಯ ಉಕ್ಕು ಕರ್ನಾಟಕದ್ದೇ ಎನ್ನಲು ಆಧಾರವಿಲ್ಲ. ನಳಿಕೆಗಳಿಗೂ ಕತ್ತಿಯ ಗುಣಕ್ಕೂ ಇರುವ ಸಂಬಂಧವೂ ವಿವಾದಾತೀತವಲ್ಲ. ‘ನಮ್ಮ ಪೂರ್ವಿಕರಿಗೆ ನ್ಯಾನೊತಂತ್ರಜ್ಞಾನ ಗೊತ್ತಿತ್ತು’ ಎಂಬ ಸಭೆಗಳ ಮಾತು ಇಲ್ಲಿ ನಿಲ್ಲುವುದಿಲ್ಲ. ಕಮ್ಮಾರನಿಗೆ ಗೊತ್ತಿದ್ದುದು ನಳಿಕೆಯಲ್ಲ, ಹದ.

ಈ ವ್ಯತ್ಯಾಸವನ್ನು ಅರಿತು ನಡೆದ ಸಹಯೋಗವೊಂದು ಅಮೆರಿಕದಲ್ಲಿದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವರ್ಹೋವನ್ ಅವರು ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರರೊಡನೆ ವರ್ಷಗಟ್ಟಲೆ ಕೆಲಸಮಾಡಿ, 1998ರ ಪ್ರಬಂಧದಲ್ಲಿ ಅವರನ್ನು ಸಹಲೇಖಕರನ್ನಾಗಿ ಹೆಸರಿಸಿದರು. ಅದಿರಿನಲ್ಲಿ ವೆನೇಡಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇದ್ದರಷ್ಟೇ ಕತ್ತಿಯ ಮೈಮೇಲೆ ಅಲೆಯ ವಿನ್ಯಾಸ ಮೂಡುತ್ತದೆಂಬುದು ಅವರ ತೀರ್ಮಾನ. ಸುತ್ತಿಗೆ ಹಿಡಿದವನು ಲೇಖಕನಾದದ್ದು ಈ ಇತಿಹಾಸದಲ್ಲಿ ಅಪರೂಪ.

ಕರ್ನಾಟಕದಲ್ಲಿಯೂ ಸಹಯೋಗಗಳು ನಡೆದಿವೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯ ಮೂಸೆಗಳನ್ನು ಕುರಿತು ಟಿ. ಆರ್. ಅನಂತರಾಮು, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಮೊದಲಾದವರು 1999ರಲ್ಲಿ ಜಂಟಿಯಾಗಿ ಬರೆದರು. ಶಾರದಾ ಶ್ರೀನಿವಾಸನ್ ಹಾಗೂ ಎಸ್. ರಂಗನಾಥನ್ ಅವರ ಗ್ರಂಥ 2004ರಲ್ಲಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರವಿದೆ. ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದ ಮೂಲಕ ಆ ಸಂಸ್ಥೆಯ ಉಪಕರಣಗಳು ಹೊರಗಿನ ಸಂಶೋಧಕರಿಗೂ ದೊರೆಯುತ್ತ ಬಂದಿವೆ. ಕೊರತೆಯಿರುವುದು ಉಪಕರಣಗಳದ್ದಲ್ಲ, ಕುಲುಮೆಯ ಕಡೆಯ ದಾಖಲೆಯದು.

ಕುಂದಗೋಳ ತಾಲ್ಲೂಕಿನ ಸಂಶಿಯಂಥ ಎರೆಭೂಮಿಯ ಊರುಗಳು ಉಕ್ಕು ಕರಗಿಸಿದ ನೆಲೆಗಳೆಂದು ಹೆಸರಾದವುಗಳಲ್ಲ. ಆದರೆ ಇಂಥ ಊರುಗಳಲ್ಲಿ ಕಂಬಾರನು ಆಯಗಾರರಲ್ಲೊಬ್ಬ. ಕುಂಟೆಯ ಕುಡ, ಕುಡಗೋಲುಗಳನ್ನು ಹಣಿದು, ನೀರು ಕುಡಿಸಿ ಕೊಟ್ಟು, ಸುಗ್ಗಿಯಲ್ಲಿ ಜೋಳದ ಆಯ ಪಡೆಯುತ್ತಿದ್ದನು. ‘ಹದ’ ಎಂಬ ಒಂದೇ ಮಾತು ಮಳೆಯುಂಡ ಎರೆಗೂ ಕಾಯ್ದ ಕಬ್ಬಿಣಕ್ಕೂ ಸಲ್ಲುವುದು ಈ ನೆಲದ ವಿಶೇಷ. ಟ್ರ್ಯಾಕ್ಟರು ಮತ್ತು ಸಿದ್ಧ ಸಲಕರಣೆಗಳು ಬಂದಮೇಲೆ ಕುಲುಮೆಗಳು ಕಡಮೆಯಾಗಿವೆ. ಜಾನಪದ ಸಂಗ್ರಹಗಳಲ್ಲಿ ಹಾಡು, ಕಥೆಗಳಿಗೆ ದೊರೆತಷ್ಟು ಪುಟಗಳು ಈ ಹದಕ್ಕೆ ದೊರೆತಿಲ್ಲವೆಂಬುದನ್ನು ಜಾನಪದ ಕ್ಷೇತ್ರವೇ ಒಪ್ಪಿಕೊಳ್ಳಬೇಕು. ಕುಡವು ಯಾವ ಬಣ್ಣಕ್ಕೆ ತಿರುಗಿದಾಗ ನೀರಿಗಿಳಿಯುತ್ತದೆ, ಆ ಬಣ್ಣವನ್ನು ಕಂಬಾರನು ಏನೆಂದು ಕರೆಯುತ್ತಾನೆ, ಆಗಿನ ಉಷ್ಣತೆ ಎಷ್ಟು? ಮೊದಲೆರಡನ್ನು ಜಾನಪದ ಸಂಶೋಧಕನೂ ಮೂರನೆಯದನ್ನು ಲೋಹವಿಜ್ಞಾನಿಯೂ ಒಂದೇ ಕುಲುಮೆಯ ಮುಂದೆ ಕುಳಿತು, ಕಂಬಾರನ ಹೆಸರಿನೊಡನೆ ಬರೆದುಕೊಳ್ಳಲು ಇನ್ನೂ ಅವಕಾಶವಿದೆ.