ಸೋಯಾ ಬೀಜಕ್ಕೆ ಪೆಟ್ಟು ಬೀಳದಿರಲಿ



"ಬೀಜ ನೋಡೋಕೆ ಚೆನ್ನಾಗೇ ಇತ್ತು, ಬಿತ್ತಿದ್ರೆ ಅರ್ಧ ಹುಟ್ಟಲೇ ಇಲ್ಲ" ಎನ್ನುವವರಿದ್ದಾರೆ. ರಾಶಿ ಮಾಡುವಾಗ ಬಿದ್ದ ಪೆಟ್ಟು ಇದಕ್ಕೆ ಒಂದು ಮುಖ್ಯ ಕಾರಣ. ಸೋಯಾ ಅವರೆಯ ಸಿಪ್ಪೆ ಬಲು ತೆಳು. ಮೊಳಕೆಯ ಬೇರು ಅದರ ಕೆಳಗೇ ಇರುತ್ತದೆ.

ತೇವಾಂಶ: ಅತಿಯಾಗಿ ಒಣಗಿದ ಕಾಳು ಪೆಟ್ಟಿಗೆ ಬಿರಿಯುತ್ತದೆ, ಬೇಳೆಯಾಗುತ್ತದೆ. ಹಸಿ ಹೆಚ್ಚಿದ್ದರೆ ಒಡೆಯುವುದಿಲ್ಲ, ಒಳಗೇ ಜಜ್ಜಿಹೋಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಶೇ. 13ರಿಂದ 15 ತೇವಾಂಶವಿದ್ದಾಗ ರಾಶಿ ಮಾಡುವುದು ಕ್ಷೇಮ. ಆಮೇಲೆ ಶೇ. 12ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿಡಿ.

ತಳಿ: ದಪ್ಪ ಕಾಳಿನ ತಳಿಗಳಿಗೆ ಸಾಮಾನ್ಯವಾಗಿ ಪೆಟ್ಟು ಹೆಚ್ಚು. ಸಣ್ಣ ಕಾಳಿನವು ತಡೆದುಕೊಳ್ಳುತ್ತವೆ. ಸಿಪ್ಪೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಿದ್ದಷ್ಟೂ ಬೀಜ ಭದ್ರ.

ನೀವು ಮಾಡಬೇಕಾದ್ದು:
1. ಬಿತ್ತನೆಗೆ ಇಡುವ ಕಾಳನ್ನು ಕೋಲಿನಿಂದ ಮೆಲ್ಲಗೆ ಬಡಿಯಿರಿ. ಟ್ರ್ಯಾಕ್ಟರ್ ಹಾಯಿಸಬೇಡಿ. ಯಂತ್ರವಾದರೆ ನಿಮಿಷಕ್ಕೆ 350-400 ಸುತ್ತು ಸಾಕು.
2. ಒಣಗಿದ ಬೀಜದ ಚೀಲವನ್ನು ಎತ್ತಿ ಒಗೆಯಬೇಡಿ, ಇಳಿಸಿ ಇಡಿ.
3. ಬಿತ್ತುವ ಮೊದಲು 100 ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಿ. ಕನಿಷ್ಠ 70 ಚೆನ್ನಾಗಿ ಮೊಳೆತರೆ ಮಾತ್ರ ಬಿತ್ತಿರಿ.

ನೂರು ಕಾಳಿನ ಈ ಪರೀಕ್ಷೆಗೆ ಖರ್ಚಿಲ್ಲ. ಎರಡನೇ ಸಲ ಬಿತ್ತುವುದಕ್ಕೆ ಸಾಲವೇ ಬೇಕಾದೀತು!