ಕೋಣೆಯ ಬಿಸಿ ಹೊರಹೋಗುವುದು ಎಲ್ಲಿಂದ?

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಕೋಣೆಯೊಂದು ಇರುತ್ತದೆ. ಬಾಲ್ಕನಿ ಇಲ್ಲ, ಹೊರಗೋಡೆ ಇಲ್ಲ, ಇರುವ ಒಂದೇ ಕಿಟಕಿ ತೆರೆದುಕೊಳ್ಳುವುದು ಪೈಪುಗಳಿಳಿಯುವ ಡಕ್ಟಿಗೆ. ಏಪ್ರಿಲ್ ಬಂತೆಂದರೆ ಅಲ್ಲಿ ಮಲಗುವವರ ಪಾಡು ಹೇಳತೀರದು. ಎ.ಸಿ. ಹಾಕಿಸೋಣವೆಂದರೆ, ಫಿಟ್ಟಿಂಗಿಗೆ ಬಂದವರು ಕೇಳುವ ಮೊದಲ ಮಾತೇ ‘ಔಟ್‌ಡೋರ್ ಎಲ್ಲಿಡೋದು ಸರ್?’

ಇಡೀ ಯಂತ್ರದ ಮರ್ಮ ಈ ಪ್ರಶ್ನೆಯಲ್ಲೇ ಇದೆ. ಎ.ಸಿ. ಶಾಖವನ್ನು ಇಲ್ಲವಾಗಿಸುವುದಿಲ್ಲ, ಒಳಗಿನದನ್ನು ಹೊತ್ತು ಹೊರಗೆ ಹಾಕುತ್ತದೆ. ಒಳಘಟಕದ ಸುರುಳಿಯಲ್ಲಿ, ಫಿಟ್ಟಿಂಗಿನವರು ‘ಗ್ಯಾಸ್’ ಎನ್ನುವ ಆರ್-32ರಂಥ ಶೀತಕ ದ್ರವ ಕುದಿದು ಆವಿಯಾಗುವಾಗ ಕೋಣೆಯ ಗಾಳಿಯಿಂದ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಿನ ಗಾಳಿಗಿಂತ ಹೆಚ್ಚು ಬಿಸಿಮಾಡುತ್ತದೆ. ಆಗ ಮಾತ್ರ ಔಟ್‌ಡೋರ್ ಎಂಬ ಹೊರಘಟಕದಲ್ಲಿ ಶಾಖ ಹೊರಗಾಳಿಗೆ ಇಳಿದು, ಆವಿ ಮತ್ತೆ ದ್ರವವಾಗುತ್ತದೆ.

ಎಷ್ಟು ಶಾಖ? ಒಂದು ಟನ್ನಿನ ಎ.ಸಿ. ಪೂರ್ಣ ವೇಗದಲ್ಲಿ ಕೋಣೆಯಿಂದ ಸುಮಾರು 3.5 ಕಿಲೋವ್ಯಾಟ್ ಎತ್ತುತ್ತದೆ. ಕಂಪ್ರೆಸರ್ ತಿನ್ನುವ ಸುಮಾರು 1 ಕಿಲೋವ್ಯಾಟ್ ವಿದ್ಯುತ್ತೂ ಕೊನೆಗೆ ಶಾಖವೇ. ಒಟ್ಟು 4.5 ಕಿಲೋವ್ಯಾಟ್, ಅಂದರೆ 1500 ವ್ಯಾಟಿನ ಮೂರು ಇಂಡಕ್ಷನ್ ಒಲೆಗಳನ್ನು ಒಟ್ಟಿಗೆ ಉರಿಸಿದಷ್ಟು.

ಇಷ್ಟನ್ನು ಇಕ್ಕಟ್ಟಾದ ಡಕ್ಟಿನೊಳಗೆ ಬಿಟ್ಟರೆ ಬಿಸಿಗಾಳಿ ಚದುರುವುದಿಲ್ಲ. ಔಟ್‌ಡೋರ್ ತಾನೇ ಊದಿದ್ದನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಒತ್ತಡ ಏರುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ತಂಪು ಕುಗ್ಗುತ್ತದೆ; ಸೆಕೆ ಹೆಚ್ಚಿದ ಮಧ್ಯಾಹ್ನವೇ ಯಂತ್ರ ನಿಂತುಬಿಡುತ್ತದೆ. ಮೇಲಿನ ಮನೆಗಳ ಕಿಟಕಿಗೂ ಆ ಬಿಸಿ ನುಗ್ಗುತ್ತದೆ. ಡಕ್ಟಿನಲ್ಲಿ ಔಟ್‌ಡೋರ್ ಇಡಿಸಲೇಬೇಡಿ.

ಪೋರ್ಟಬಲ್ ಎ.ಸಿ. ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಒಂದೇ ಹೋಸ್ ಇರುವ ಮಾದರಿ ಕೋಣೆಯ ಗಾಳಿಯನ್ನೇ ಬಿಸಿಮಾಡಿ ಹೊರತಳ್ಳುತ್ತದೆ. ಹೋದಷ್ಟೇ ಗಾಳಿ ಬಾಗಿಲ ಸಂದಿಯಿಂದ ಒಳಬರುತ್ತದೆ, ಅದೂ ಸೆಕೆಯ ಗಾಳಿ. ಎರಡು ಹೋಸಿನದು ಇದಕ್ಕಿಂತ ವಾಸಿ. ಇನ್ನು ಕೂಲರ್: ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೀರುವುದು ನಿಜ. ರಾಯಚೂರು, ಕಲಬುರಗಿಯ ಒಣ ಬೇಸಿಗೆಗೆ ಅದು ಹೇಳಿಮಾಡಿಸಿದ್ದು. ಗಾಳಿಯಾಡದ ಕೋಣೆಯಲ್ಲಿ ಮಾತ್ರ ತೇವ ತುಂಬಿ ಮೈ ಅಂಟಂಟಾಗುತ್ತದೆ. ಮಂಗಳೂರಿನಲ್ಲಂತೂ ಕಿಟಕಿ ತೆರೆದರೂ ಅದೇ ಗತಿ.

ಉಳಿಯುವ ಒಳ್ಳೆಯ ದಾರಿ ತಾರಸಿ ಅಥವಾ ಯುಟಿಲಿಟಿಯ ಹೊರಗೋಡೆ. ಡಕ್ಟ್ ಆಗ ತಾಮ್ರದ ಕೊಳವೆಗಳಿಗೆ ದಾರಿಯಾಗಬಹುದು. ಔಟ್‌ಡೋರ್ ಮೇಲಿದ್ದರೆ ಒಂದು ಸೂಕ್ಷ್ಮವಿದೆ. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪವೇ ಗ್ಯಾಸಿನೊಂದಿಗೆ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಅದು ಆವಿಯ ರಭಸದಲ್ಲೇ ಮೇಲೇರಿ ವಾಪಸಾಗಬೇಕು. ಏರು ತೀರಾ ಹೆಚ್ಚಾದರೆ ಎಣ್ಣೆ ಕೆಳಗೇ ಉಳಿದು ಕಂಪ್ರೆಸರ್ ಒಣಗುತ್ತದೆ. ಅದಕ್ಕೇ ಕಂಪನಿಗಳು ಉದ್ದಕ್ಕೂ ಎತ್ತರಕ್ಕೂ ಮಿತಿ ಹಾಕಿರುತ್ತವೆ, ಉದ್ದನೆಯ ಏರಿನಲ್ಲಿ ಎಣ್ಣೆ ತುಸು ನಿಂತು ಮತ್ತೆ ಮೇಲೇರಲು ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸುವುದೂ ಉಂಟು. ಉದ್ದ ಹೆಚ್ಚಾದಂತೆ ಮೀಟರಿಗಿಷ್ಟು ಗ್ರಾಂ ಎಂದು ಗ್ಯಾಸ್ ಸೇರಿಸಬೇಕು. ಎರಡೂ ಕೊಳವೆಗಳಿಗೆ ಬೇರೆಬೇರೆಯಾಗಿ ಫೋಮ್ ಸುತ್ತಬೇಕು. ಗ್ಯಾಸ್ ಬಿಡುವ ಮೊದಲು ಪಂಪ್ ಹಚ್ಚಿ ವ್ಯಾಕ್ಯೂಮ್ ಮಾಡಬೇಕು. ಒಳಗೆ ಉಳಿದ ಗಾಳಿ, ತೇವ ಎರಡೂ ಯಂತ್ರಕ್ಕೆ ಶತ್ರು. ಒಳಘಟಕದ ನೀರು ಹರಿಯಲು ಇಳಿಜಾರು ಸಿಗದಿದ್ದರೆ ಚಿಕ್ಕ ಡ್ರೈನ್ ಪಂಪ್ ಸಾಕು.

ದುಡ್ಡು ಕೊಡುವ ಮೊದಲು ಕೊಳವೆ ಸಾಗುವ ದಾರಿಯುದ್ದಕ್ಕೂ ಒಂದು ದಾರ ಹಿಡಿದು ಅಳೆಯಿರಿ. ಆ ಅಳತೆಯನ್ನು ಕೈಪಿಡಿಯಲ್ಲಿರುವ ಗರಿಷ್ಠ ಉದ್ದ, ಎತ್ತರದ ಜೊತೆ ಹೋಲಿಸಿ. ಮಿತಿ ಮೀರುವುದಾದರೆ ಬೇರೆ ಮಾದರಿ ಕೇಳಿ.