ತೊಟ್ಟಿ ತುಂಬಿದರೆ ಕೂಗುವ ಗಂಟೆ: ನೀವೇ ಮಾಡಿಕೊಳ್ಳಿ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ಬಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಗಣಿಗಳು 2001ರಲ್ಲಿ ಮುಚ್ಚಿದವು. ಇಂದು ಬಂಗಾರಪೇಟೆ, ಬೇತಮಂಗಲ, ಕೆ.ಜಿ.ಎಫ್. ಸುತ್ತಿನ ಹಳ್ಳಿಗಳಲ್ಲಿ ವಿದ್ಯುತ್ತಿನ ಬಹು ಮುಖ್ಯ ಕೆಲಸ ಚಿನ್ನ ತೆಗೆಯುವುದಲ್ಲ, ನೀರೆತ್ತುವುದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು ಅಪರೂಪವಲ್ಲ. ಅಷ್ಟು ಆಳದಿಂದ ಬಂದ ನೀರು ತೊಟ್ಟಿಯ ಅಂಚು ಮೀರಿ ಹರಿದುಹೋದರೆ ಆಗುವ ನಷ್ಟವನ್ನು ರೈತ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ಪಾಳಿಯ ಪ್ರಕಾರ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದಾಗ ಬಹಳಷ್ಟು ಜನ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ನಿಮ್ಮ ಮೋಟಾರು ಗಂಟೆಗೆ 3,000 ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ತೊಟ್ಟಿ ತುಂಬಿದ ಮೇಲೆ ಎರಡು ಗಂಟೆ ಓಡಿದರೆ 6,000 ಲೀಟರ್ ಪೋಲು. ಗಿಡಕ್ಕೆ ದಿನಕ್ಕೆ 2 ಲೀಟರಿನಂತೆ ಹನಿ ನೀರಾವರಿಯಲ್ಲಿ ಕೊಟ್ಟರೆ ಇದು 3,000 ಟೊಮ್ಯಾಟೊ ಗಿಡಗಳ ಒಂದು ದಿನದ ನೀರು. 10 ಎಚ್.ಪಿ. ವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತವಾಗಿರಬಹುದು, ನೆಲದೊಳಗಿನ ನೀರು ಉಚಿತವಲ್ಲ. ಇನ್ನು ತೊಟ್ಟಿ ನೋಡಲು ಕತ್ತಲಲ್ಲಿ ಬದುವಿನ ಮೇಲೆ ನಡೆಯುವಾಗಿನ ಹಾವಿನ ಭಯ ಬೇರೆ.

ಇದಕ್ಕೆ ಒಂದು ಸುಲಭ ಉಪಾಯವಿದೆ. ತೊಟ್ಟಿ ತುಂಬಿದೊಡನೆ ಮನೆಯಲ್ಲಿ ಗಂಟೆ ಕೂಗುವಂತೆ ಮಾಡಬಹುದು. ಕಂಪನಿಯ ಪೆಟ್ಟಿಗೆಯೇ ಬೇಕೆಂದಿಲ್ಲ. ಓದು ಬರಹ ಬಲ್ಲ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಇದನ್ನು ಜೋಡಿಸಬಹುದು.

ಇದು ಕೆಲಸ ಮಾಡುವ ಬಗೆ

ಶುದ್ಧ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ಆದರೆ ಕೊಳವೆ ಬಾವಿಯ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಆದ್ದರಿಂದ ಅದರಲ್ಲಿ ಎರಡು ಲೋಹದ ಕಡ್ಡಿಗಳನ್ನು ಅದ್ದಿದರೆ ಒಂದರಿಂದ ಇನ್ನೊಂದಕ್ಕೆ ಅತಿ ಸಣ್ಣ ಪ್ರಮಾಣದ ವಿದ್ಯುತ್ತು ಹರಿಯುತ್ತದೆ. ಗಂಟೆ ಬಾರಿಸಲು ಅದು ಸಾಲದು. ಇಲ್ಲಿ ಟ್ರಾನ್ಸಿಸ್ಟರ್ ನೆರವಿಗೆ ಬರುತ್ತದೆ.

ಟ್ರಾನ್ಸಿಸ್ಟರನ್ನು ಕೆರೆಯ ತೂಬಿಗೆ ಹೋಲಿಸಬಹುದು. ನೀರುಗಂಟಿ ಒಬ್ಬನೇ ತೂಬನ್ನು ಎತ್ತುತ್ತಾನೆ, ಆದರೆ ಹರಿಯುವುದು ಕೆರೆಯ ನೀರು. ಹಾಗೆಯೇ ಟ್ರಾನ್ಸಿಸ್ಟರಿನ 'ಬೇಸ್' ಎಂಬ ಕಾಲಿಗೆ ಸಣ್ಣ ವಿದ್ಯುತ್ತು ಮುಟ್ಟಿದರೆ ಸಾಕು, 'ಕಲೆಕ್ಟರ್' ಕಾಲಿನಿಂದ 'ಎಮಿಟರ್' ಕಾಲಿಗೆ ಅದರ ನೂರು ಪಟ್ಟಿಗೂ ಹೆಚ್ಚು ವಿದ್ಯುತ್ತು ಹರಿದು ಗಂಟೆ ಕೂಗುತ್ತದೆ. ನೀರು ಮುಟ್ಟದಿದ್ದಾಗ ತೂಬು ಮುಚ್ಚಿರುವುದರಿಂದ ಬ್ಯಾಟರಿ ಖರ್ಚಾಗುವುದೇ ಇಲ್ಲ ಎನ್ನಬಹುದು.

ಬೇಕಾಗುವ ಸಾಮಗ್ರಿಗಳು

1. ಬಿ.ಸಿ. 547 ಟ್ರಾನ್ಸಿಸ್ಟರ್ – 1
2. 10 ಕಿಲೋ ಓಮ್ ರೆಸಿಸ್ಟರ್ (ಕಂದು, ಕಪ್ಪು, ಕಿತ್ತಳೆ ಪಟ್ಟೆಗಳು) – 1
3. 100 ಕಿಲೋ ಓಮ್ ರೆಸಿಸ್ಟರ್ (ಕಂದು, ಕಪ್ಪು, ಹಳದಿ ಪಟ್ಟೆಗಳು) – 1
4. 9 ವೋಲ್ಟಿನಲ್ಲಿ ಕೂಗುವ ಸಣ್ಣ ಬಜರ್ – 1
5. 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್
6. ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ, 5 ಮನೆಗಳದು
7. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ – 2, ಪ್ರತಿಯೊಂದಕ್ಕೂ ನಟ್ಟು
8. ತೊಟ್ಟಿಯಿಂದ ಮನೆಯವರೆಗೆ ಎರಡೆಳೆಯ ತೆಳು ತಂತಿ

ತಂತಿಯೊಂದನ್ನು ಬಿಟ್ಟರೆ ಉಳಿದವು ದುಬಾರಿಯಲ್ಲ. ರೇಡಿಯೋ, ಟಿ.ವಿ. ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ದೊರೆಯುತ್ತವೆ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನೆರೆಯವರ ಕೈಲಿ ಚೀಟಿ ಬರೆದುಕೊಟ್ಟು ತರಿಸಿಕೊಳ್ಳಿ.

ಜೋಡಿಸುವ ವಿಧಾನ

ಬೆಸುಗೆ ಹಾಕುವ ಅವಶ್ಯಕತೆಯಿಲ್ಲ. ಕನೆಕ್ಟರ್ ಪಟ್ಟಿಯ ಮನೆಗಳಿಗೆ ಎಡದಿಂದ 1, 2, 3, 4, 5 ಎಂದು ಗುರುತು ಹಾಕಿಕೊಳ್ಳಿ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೂ ಕಾಲುಗಳು ಕೆಳಕ್ಕೂ ಇರುವಂತೆ ಹಿಡಿಯಿರಿ. ಆಗ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಇರುತ್ತವೆ. ಈ ಮೂರು ಕಾಲುಗಳನ್ನು ಮೆಲ್ಲಗೆ ಅಗಲಿಸಿ ಕ್ರಮವಾಗಿ 2, 3, 4ನೇ ಮನೆಗಳಿಗೆ ಸೇರಿಸಿ. ಅನಂತರ:

1ನೇ ಮನೆಗೆ: ಬ್ಯಾಟರಿಯ ಕೆಂಪು ತಂತಿ, ಬಜರಿನ ಕೆಂಪು ತಂತಿ, ತೊಟ್ಟಿಗೆ ಹೋಗುವ ಒಂದು ಎಳೆ.
2ನೇ ಮನೆಗೆ: ಬಜರಿನ ಕಪ್ಪು ತಂತಿ.
3ನೇ ಮನೆಗೆ: ಎರಡೂ ರೆಸಿಸ್ಟರುಗಳ ಒಂದೊಂದು ತುದಿ.
4ನೇ ಮನೆಗೆ: 100 ಕಿಲೋ ಓಮ್ ರೆಸಿಸ್ಟರಿನ ಇನ್ನೊಂದು ತುದಿ, ಬ್ಯಾಟರಿಯ ಕಪ್ಪು ತಂತಿ.
5ನೇ ಮನೆಗೆ: 10 ಕಿಲೋ ಓಮ್ ರೆಸಿಸ್ಟರಿನ ಇನ್ನೊಂದು ತುದಿ, ತೊಟ್ಟಿಗೆ ಹೋಗುವ ಎರಡನೆಯ ಎಳೆ.

ರೆಸಿಸ್ಟರಿನ ಬರಿಯ ತಂತಿ ಪಕ್ಕದ ಮನೆಗೆ ತಾಗದಂತೆ ಅದಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. 100 ಕಿಲೋ ಓಮ್ ರೆಸಿಸ್ಟರನ್ನು ಅನವಶ್ಯಕವೆಂದು ಬಿಡಕೂಡದು. ಮಂಜು, ತೇವಗಳಿಂದ ಸೋರುವ ಅಲ್ಪ ವಿದ್ಯುತ್ತನ್ನು ಅದು ಬದಿಗೆ ಹರಿಸಿ, ಗಂಟೆ ಸುಮ್ಮಸುಮ್ಮನೆ ಕೂಗದಂತೆ ನೋಡಿಕೊಳ್ಳುತ್ತದೆ.

ಪರೀಕ್ಷೆ

ತೊಟ್ಟಿಗೆ ಕೊಂಡೊಯ್ಯುವ ಮುನ್ನ ಎರಡು ಎಳೆಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. ಬಜರ್ ಕೂಗಿದರೆ ಜೋಡಣೆ ಸರಿಯಿದೆ. ಕೂಗದಿದ್ದರೆ ಬ್ಯಾಟರಿ, ಬಜರಿನ ಕೆಂಪು-ಕಪ್ಪು ತಂತಿಗಳು ಮತ್ತು ಟ್ರಾನ್ಸಿಸ್ಟರಿನ ಕಾಲುಗಳನ್ನು ಈ ಕ್ರಮದಲ್ಲಿಯೇ ಪರಿಶೀಲಿಸಿ. ಅನಂತರ ಒಂದು ಲೋಟದಲ್ಲಿ ನಿಮ್ಮ ಬಾವಿಯ ನೀರು ತೆಗೆದುಕೊಂಡು ತುದಿಗಳನ್ನು ಅದ್ದಿ. ಮುಟ್ಟಿಸಿದಾಗ ಕೂಗಿ ನೀರಿನಲ್ಲಿ ಕೂಗದಿದ್ದರೆ ತುದಿಗಳನ್ನು ಇನ್ನೂ ಹತ್ತಿರಕ್ಕೆ ತನ್ನಿ. ಮಳೆ ನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ಸದ್ದು ಕ್ಷೀಣವಾಗಬಹುದು.

ತೊಟ್ಟಿಯಲ್ಲಿ ಕೂರಿಸುವುದು

ಒಂದು ಪ್ಲಾಸ್ಟಿಕ್ ಪಟ್ಟಿಗೆ ಎರಡು ಬೋಲ್ಟುಗಳನ್ನು ಒಂದು ಅಂಗುಲ ಅಂತರದಲ್ಲಿ ಬಿಗಿದು, ತಂತಿಯ ಎಳೆಗಳನ್ನು ನಟ್ಟುಗಳಿಗೆ ಸಿಕ್ಕಿಸಿ. ತೊಟ್ಟಿಯ ಅಂಚಿಗಿಂತ ನಾಲ್ಕೈದು ಅಂಗುಲ ಕೆಳಗೆ ಪಟ್ಟಿಯನ್ನು ಕೂರಿಸಿ. ನೀವು ಎದ್ದು ಹೋಗಿ ಮೋಟಾರು ನಿಲ್ಲಿಸುವಷ್ಟು ಹೊತ್ತು ಹರಿಯುವ ನೀರಿಗೆ ಜಾಗ ಬೇಕಲ್ಲವೇ? ಪೈಪಿನಿಂದ ಬೀಳುವ ನೀರು ಬೋಲ್ಟಿಗೆ ಎರಚಬಾರದು. ಕನೆಕ್ಟರ್ ಪಟ್ಟಿ, ಬ್ಯಾಟರಿ, ಬಜರ್‌ಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಲಗುವ ಕೋಣೆಯಲ್ಲಿ ಇಡಿ. ಕೃಷಿ ಹೊಂಡಕ್ಕಾದರೆ ದಡದಲ್ಲಿ ನೆಟ್ಟ ಕಂಬಕ್ಕೆ ಪಟ್ಟಿಯನ್ನು ಕಟ್ಟಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಕಾಲು ಜಾರುವುದು ಪ್ರಾಣಾಪಾಯ. ಒಬ್ಬರೇ ಈ ಕೆಲಸಕ್ಕೆ ಇಳಿಯಕೂಡದು.

ಖಾಲಿಯಾದಾಗ ಕೂಗಬೇಕಾದರೆ

ತೊಟ್ಟಿ ಬರಿದಾದದ್ದನ್ನು ತಿಳಿಸಲು ಇನ್ನೊಂದು ಬಿ.ಸಿ. 547 ಮತ್ತು 47 ಕಿಲೋ ಓಮ್ ರೆಸಿಸ್ಟರ್ ಸಾಕು. ಬಜರಿನ ಕಪ್ಪು ತಂತಿಯನ್ನು 2ನೇ ಮನೆಯಿಂದ ಬಿಚ್ಚಿ ಹೊಸ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಕೊಡಿ. ಅದರ ಬೇಸನ್ನು 2ಕ್ಕೂ ಎಮಿಟರನ್ನು 4ಕ್ಕೂ ಸೇರಿಸಿ. 47 ಕಿಲೋ ಓಮ್ ರೆಸಿಸ್ಟರನ್ನು 1 ಮತ್ತು 2ರ ನಡುವೆ ಹಾಕಿ. ಬೋಲ್ಟುಗಳನ್ನು ತೊಟ್ಟಿಯ ತಳದ ಹತ್ತಿರ ಇಡಿ. ನೀರಿರುವ ತನಕ ಮೊದಲನೆಯದು ಎರಡನೆಯದನ್ನು ತಡೆದು ಹಿಡಿದಿರುತ್ತದೆ. ನೀರು ಇಳಿದೊಡನೆ ತಡೆ ಬಿಟ್ಟು ಗಂಟೆ ಕೂಗುತ್ತದೆ. ಆದರೆ ಇದರಲ್ಲಿ ಸದಾ ಸ್ವಲ್ಪ ವಿದ್ಯುತ್ತು ಹರಿಯುತ್ತಿರುವುದರಿಂದ ಬ್ಯಾಟರಿ ಸುಮಾರು ಒಂದು ತಿಂಗಳಷ್ಟೇ ಬಾಳೀತು, ಬೋಲ್ಟುಗಳೂ ಬೇಗ ಸವೆಯುತ್ತವೆ. ಒಂದು ಸ್ವಿಚ್ ಇಟ್ಟುಕೊಂಡು ಬೇಕಾದಾಗ ಮಾತ್ರ ಬಳಸಿ.

ಮುನ್ನೆಚ್ಚರಿಕೆಗಳು

1. ಇದಕ್ಕೆ ಬ್ಯಾಟರಿ ಮಾತ್ರ ಬಳಸತಕ್ಕದ್ದು. ಮನೆಯ 230 ವೋಲ್ಟನ್ನಾಗಲಿ ಮೋಟಾರಿನ ಲೈನನ್ನಾಗಲಿ ಯಾವ ಕಾರಣಕ್ಕೂ ಇದಕ್ಕೆ ಸೇರಿಸಕೂಡದು. ತೊಟ್ಟಿಯ ನೀರಿಗೆ ಆ ವಿದ್ಯುತ್ತು ಇಳಿದರೆ ನೀರು ಮುಟ್ಟಿದ ಮನುಷ್ಯರೂ ದನಕರುಗಳೂ ಸಾಯುವ ಸಂಭವವಿದೆ.
2. ಗಂಟೆಯ ತಂತಿಯನ್ನು ಮೋಟಾರಿನ ಕೇಬಲಿನ ಜೊತೆಗೆ ಕಟ್ಟಬೇಡಿ. ಬೇರೆ ದಾರಿಯಲ್ಲಿ ಎಳೆಯಿರಿ.
3. ಗುಡುಗು ಮಿಂಚಿನ ಸೂಚನೆ ಕಂಡ ಕೂಡಲೇ ತೊಟ್ಟಿಯ ಎರಡೂ ಎಳೆಗಳನ್ನು ಬಿಚ್ಚಿಡಿ. ಮಿಂಚು ಹೊಡೆಯುತ್ತಿರುವಾಗ ಅವನ್ನು ಮುಟ್ಟಬೇಡಿ.
4. ಮೋಟಾರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ, ಬಾವಿ ಬತ್ತಿದಾಗ ಮೋಟಾರು ಸುಡದಂತೆ ಕಾಯುವ ಪೆಟ್ಟಿಗೆ, ಇವೆರಡನ್ನೂ ಪರವಾನಗಿ ಪಡೆದ ವೈರ್‌ಮನ್ ಅವರಿಂದಲೇ ಹಾಕಿಸಬೇಕು. ಈ ಗಂಟೆ ನಿಮ್ಮನ್ನು ಎಬ್ಬಿಸುತ್ತದೆ, ಮೋಟಾರನ್ನು ನಿಲ್ಲಿಸುವುದಿಲ್ಲ.

ನಿರ್ವಹಣೆ

ಗಡಸು ನೀರಿನಿಂದ ಬೋಲ್ಟುಗಳ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಅದು ದಪ್ಪವಾದರೆ ವಿದ್ಯುತ್ತು ಹರಿಯದು. ತಿಂಗಳಿಗೊಮ್ಮೆ ಹುಣಿಸೆಹಣ್ಣು ಅಥವಾ ನಿಂಬೆಹಣ್ಣಿನಿಂದ ಉಜ್ಜಿ ತೊಳೆಯಿರಿ. ಇಲಿಗಳು ತಂತಿ ಕಡಿದಿವೆಯೇ ನೋಡಿ. ಗಂಟೆ ಅಪರೂಪಕ್ಕೆ ಕೂಗುವುದಾದರೆ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೂ ವಾರಕ್ಕೊಮ್ಮೆ 1 ಮತ್ತು 5ನೇ ಮನೆಗಳನ್ನು ಒಂದು ತುಂಡು ತಂತಿಯಿಂದ ಮುಟ್ಟಿಸಿ ಸದ್ದು ಕೇಳಿ ಖಚಿತಪಡಿಸಿಕೊಳ್ಳಿ. ಬ್ಯಾಟರಿ ಸತ್ತ ಗಂಟೆಯನ್ನು ನಂಬಿ ಮಲಗುವುದು ಗಂಟೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಪ್ರೌಢಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಜೋಡಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ, ನೀವು ಪಕ್ಕದಲ್ಲಿ ಕುಳಿತು ನೋಡಿ. ಒಮ್ಮೆ ತಿಳಿದುಕೊಂಡರೆ ಕೆಟ್ಟಾಗ ಸರಿಪಡಿಸುವುದೂ ನಿಮ್ಮ ಕೈಯಲ್ಲೇ ಇರುತ್ತದೆ. ಬರುವ ಬೇಸಿಗೆಗೆ ಮುಂಚೆ ಇದನ್ನು ಮಾಡಿಟ್ಟುಕೊಳ್ಳಿ.